ಬಿಪಿ ಜಾಸ್ತಿ ಅಂತ ಹಲ್ಲು ಕೀಳದೆ ವಾಪಸ್ ಕಳಿಸಿದರು. ಇದು ಸರಿಯಾ?

ಕಿರಿಮಗ
ಸೋಮವಾರ, ರಾತ್ರಿ 9:40

ಅಪ್ಪನಿಗೆ 68 ವರ್ಷ. ಬಲಗಡೆ ಕೆಳಗಿನ ದವಡೆ ಹಲ್ಲು ಹುಳುಕು ಹಿಡಿದು ಅರ್ಧ ಮುರಿದಿದೆ. ಮೂರು ದಿನದಿಂದ ನಿದ್ದೆ ಇಲ್ಲ, ಅವರಿಗೂ ನಮಗೂ. ಇವತ್ತು ಹೇಗೋ ಒಪ್ಪಿಸಿ ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕೂರಿಸಿದರು, ತೋಳಿಗೆ ಪಟ್ಟಿ ಕಟ್ಟಿದರು, 186/112 ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು, 184/112. "ಇವತ್ತು ಕೀಳುವುದಿಲ್ಲ. ಮೊದಲು ನಿಮ್ಮ ಫಿಸಿಷಿಯನ್‌ಗೆ ತೋರಿಸಿಕೊಂಡು ಬನ್ನಿ" ಅಂದರು. ನೋವಿಗೆ ಪ್ಯಾರಾಸಿಟಮಾಲ್ ಬರೆದುಕೊಟ್ಟರು. ಅಷ್ಟೇ.

ಅಪ್ಪನಿಗೆ ಹತ್ತು ವರ್ಷದಿಂದ ಬಿಪಿ ಇದೆ, ಮಾತ್ರೆ ನಡೆಯುತ್ತಿದೆ. ಎರಡು ವರ್ಷದ ಹಿಂದೆ ಎದೆನೋವು ಬಂದು ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದ್ದಾರೆ. ದಿನಾ ಆಸ್ಪಿರಿನ್ ಇದೆ.

ನನ್ನ ಪ್ರಶ್ನೆ ಇಷ್ಟೇ. ಹಲ್ಲುನೋವಿಗೇ ಬಿಪಿ ಏರಿದ್ದರೆ, ಹಲ್ಲು ಕಿತ್ತರೆ ತಾನೇ ಅದು ಇಳಿಯುವುದು? ಅಷ್ಟಕ್ಕೂ ಹಲ್ಲು ಕೀಳುವುದಕ್ಕೂ ಬಿಪಿಗೂ ಏನು ಸಂಬಂಧ? ಮನೆಗೆ ಬಂದಾಗಿನಿಂದ ಅಪ್ಪ "ಅವನಿಗೆ ಕೀಳೋಕೆ ಬರಲ್ಲ, ಅದಕ್ಕೇ ಬಿಪಿ ನೆಪ" ಅಂತ ಒಂದೇ ಸಮ ಬೈಯುತ್ತಿದ್ದಾರೆ.

ಅನುಮಾನಿ
ಸೋಮವಾರ, ರಾತ್ರಿ 9:58

ನಿಮ್ಮ ಅಪ್ಪ ಹೇಳುವುದರಲ್ಲಿ ಏನೋ ಇದೆ. ಎರಡು ವರ್ಷದ ಹಿಂದೆ ನಾನೂ ಹಲ್ಲು ಕೀಳಿಸಿದೆ. ಬಿಪಿ ಗಿಪಿ ಏನೂ ನೋಡಲಿಲ್ಲ. ಬಾಯಿ ತೆರೆದೆ, ಸೂಜಿ ಚುಚ್ಚಿದರು, ಹತ್ತು ನಿಮಿಷದಲ್ಲಿ ಹಲ್ಲು ಟ್ರೇಯಲ್ಲಿತ್ತು. ನಡೆದುಕೊಂಡೇ ಮನೆಗೆ ಬಂದೆ. ಈಗಿನವರಿಗೆ ಎಲ್ಲದಕ್ಕೂ ಒಂದು ಯಂತ್ರ ಬೇಕು. ಬೇರೆ ಕಡೆ ತೋರಿಸಿ.

ಬಿಳಿಕೋಟು
ಸೋಮವಾರ, ರಾತ್ರಿ 10:25

ನಾನು ಹಲ್ಲಿನ ಡಾಕ್ಟರ್. ಹಾಗಾಗಿ ನಮ್ಮವರ ಕಡೆ ಸ್ವಲ್ಪ ವಾಲುತ್ತೇನೆ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೂ ಅವರು ಮಾಡಿದ್ದು ಸರಿ. ನೆಪ ಹುಡುಕುವವರು ಎರಡೆರಡು ಸಲ ಪಟ್ಟಿ ಕಟ್ಟುವ ಗೋಜಿಗೆ ಹೋಗುವುದಿಲ್ಲ.

ನಾವು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗೆರೆ 180/110. ಮೇಲಿನದು 180 ಮುಟ್ಟಿದರೂ ಆಯಿತು, ಕೆಳಗಿನದು 110 ಮುಟ್ಟಿದರೂ ಆಯಿತು, ತುರ್ತಲ್ಲದ ಕೆಲಸವನ್ನು ಆ ದಿನ ಮುಟ್ಟುವುದಿಲ್ಲ. 160/100ರಿಂದ ಆ ಗೆರೆಯವರೆಗೆ ಇದ್ದರೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತೇವೆ. ಕೆಲಸ ಎಷ್ಟು ದೊಡ್ಡದು, ಪೇಷಂಟ್ ಎಷ್ಟು ಹೆದರಿದ್ದಾರೆ ಅಂತ ತೂಗಿ ನೋಡಿ ನಿರ್ಧಾರ ಮಾಡುತ್ತೇವೆ. ಅದಕ್ಕಿಂತ ಕಡಿಮೆ ಇದ್ದರೆ ಹೆಚ್ಚಾಗಿ ಎಂದಿನಂತೆ ಕೆಲಸ ನಡೆಯುತ್ತದೆ. 145/90 ಬಂತು ಅಂತ ಹಲ್ಲು ಕೀಳುವುದನ್ನು ಮುಂದಕ್ಕೆ ಹಾಕಬೇಕಿಲ್ಲ.

ಸಂಬಂಧ ಏನು ಅಂದಿರಲ್ಲ. ನಮ್ಮ ಕುರ್ಚಿಯಲ್ಲಿ ಕೂತವರು ಹೆದರುತ್ತಾರೆ. ಸೂಜಿ ಕಂಡರೆ ಇನ್ನಷ್ಟು. ಸರಿಯಾಗಿ ಮರಗಟ್ಟದೆ ನೋವಾದರೆ ಮತ್ತಷ್ಟು. 130 ಇದ್ದವರಿಗೆ ಇಪ್ಪತ್ತು ಮೂವತ್ತು ಏರಿದರೆ ದೇಹ ತಡೆದುಕೊಳ್ಳುತ್ತದೆ. 186ರಲ್ಲಿ ಇರುವವರಿಗೆ ಅಲ್ಲಿಂದ ಏರಿದರೆ ಮೆದುಳಿನ ರಕ್ತನಾಳಕ್ಕೂ ಕಷ್ಟ, ಮೊದಲೇ ಸ್ಟೆಂಟ್ ಹಾಕಿಸಿಕೊಂಡ ಹೃದಯಕ್ಕೂ ಕಷ್ಟ. ಕಿತ್ತ ಜಾಗದಲ್ಲಿ ರಕ್ತ ನಿಲ್ಲುವುದೂ ತಡ. ಹಾಗಂತ ನೋವಿನಲ್ಲೇ ಬಿಡಬೇಕು ಅಂತಲ್ಲ. ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲು ಆಗದಿದ್ದರೆ ಅದು ಬೇರೆ ಲೆಕ್ಕ. ಆಗ ಆಸ್ಪತ್ರೆಯಲ್ಲಿ ಬಿಪಿ ಮೇಲೆ ಕಣ್ಣಿಟ್ಟುಕೊಂಡೇ ಕೆಲಸ ಮಾಡುತ್ತಾರೆ.

ನೋವಿಗೆ ಬಿಪಿ ಏರುತ್ತದೆ ಅನ್ನುವುದು ನಿಜ. ಆದರೆ 186 ಪೂರ್ತಿ ನೋವಿನದೇ ಅಂತ ನನಗೆ ಅನಿಸುತ್ತಿಲ್ಲ. ಎರಡು ಪ್ರಶ್ನೆ. ಇವತ್ತು ಬೆಳಗ್ಗೆ ಬಿಪಿ ಮಾತ್ರೆ ತಗೊಂಡಿದ್ದರಾ? ಈ ಮೂರು ದಿನ ನೋವಿಗೆ ಏನು ನುಂಗುತ್ತಿದ್ದರು?

ಇನ್ನೊಂದು ಮಾತು. ತಲೆ ಸಿಡಿಯುವ ನೋವು, ಕಣ್ಣು ಮಂಜು, ಎದೆನೋವು, ಉಸಿರು ಕಟ್ಟುವುದು, ಮಾತು ತೊದಲುವುದು, ಒಂದು ಕೈಯೋ ಕಾಲೋ ಸೋಲುವುದು, ಇದರಲ್ಲಿ ಒಂದಾದರೂ ಇದ್ದರೆ ಇದನ್ನು ಓದುತ್ತಾ ಕೂರಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ.

ಕಿರಿಮಗ
ಸೋಮವಾರ, ರಾತ್ರಿ 10:41

ಅಂಥದ್ದೇನೂ ಇಲ್ಲ ಡಾಕ್ಟ್ರೇ. ಬೈಯುವ ಜೋರು ನೋಡಿದರೆ ಉಸಿರಿಗೂ ಏನೂ ತೊಂದರೆ ಇಲ್ಲ. ಮಾತ್ರೆ ಬಗ್ಗೆ ಕೇಳಿದೆ. "ತಗೊಂಡಿದೀನಿ ಕಣೋ" ಅಂತ ಗೋಡೆ ಕಡೆ ತಿರುಗಿ ಮಲಗಿದರು. ಆ ತಿರುಗಿದ ರೀತಿ ನನಗೆ ಸರಿ ಕಾಣಲಿಲ್ಲ. ಬೆಳಗ್ಗೆ ಮಾತ್ರೆ ಡಬ್ಬಿ ನೋಡುತ್ತೇನೆ.

ಅಕ್ಕ ಫೋನಿನಲ್ಲಿ ಹೇಳುತ್ತಿದ್ದಾಳೆ, ಬಿಪಿಯ ಕ್ಯಾಪ್ಸೂಲ್ ಒಂದಿದೆ, ಅದನ್ನು ಚುಚ್ಚಿ ನಾಲಿಗೆ ಅಡಿ ಹಿಂಡಿದರೆ ಹತ್ತು ನಿಮಿಷದಲ್ಲಿ ಇಳಿಯುತ್ತದೆ ಅಂತ. ಮಾಡಬಹುದಾ?

ನರ್ಸಮ್ಮ
ಸೋಮವಾರ, ರಾತ್ರಿ 11:02

ಬೇಡ ಮಗಾ, ಖಂಡಿತ ಬೇಡ. ಅಕ್ಕ ಹೇಳುತ್ತಿರುವುದು ನಿಫೆಡಿಪಿನ್. ಒಂದು ಕಾಲದಲ್ಲಿ ನಾವೇ ವಾರ್ಡಿನಲ್ಲಿ ಹಾಗೆ ಕೊಡುತ್ತಿದ್ದೆವು. ಬಿಪಿ ಧಡಾರನೆ ಬಿದ್ದು, ಮೆದುಳಿಗೆ ಹೃದಯಕ್ಕೆ ರಕ್ತ ಸಾಲದೆ ಸ್ಟ್ರೋಕು, ಹಾರ್ಟ್ ಅಟ್ಯಾಕು ಆದ ಮೇಲೆ ಆ ಪದ್ಧತಿ ಬಿಟ್ಟರು. 1990ರ ದಶಕದಲ್ಲೇ ಇದರ ಮೇಲೆ ಎಚ್ಚರಿಕೆ ಬಂದಿತ್ತು. ಲಕ್ಷಣ ಏನೂ ಇಲ್ಲದಿದ್ದರೆ ಬಿಪಿಯನ್ನು ನಿಧಾನವಾಗಿ, ದಿನಗಳ ಲೆಕ್ಕದಲ್ಲಿ ಇಳಿಸಬೇಕು.

ನಾನು ಮೂವತ್ತೊಂದು ವರ್ಷ ಬಿಪಿ ನೋಡಿದವಳು. ಬೆಳಗ್ಗೆ ಮನೆಯಲ್ಲಿ ನೋಡುವುದಾದರೆ ಹೀಗೆ ನೋಡು. ಎದ್ದು ಮೂತ್ರಕ್ಕೆ ಹೋಗಿ ಬರಲಿ. ಅರ್ಧ ಗಂಟೆಯಿಂದ ಕಾಫಿ, ಬೀಡಿ ಸಿಗರೇಟು ಆಗಿರಬಾರದು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂರಲಿ. ಎರಡೂ ಪಾದ ನೆಲದ ಮೇಲೆ. ಕಾಲ ಮೇಲೆ ಕಾಲು ಹಾಕಿದರೇ ಸಂಖ್ಯೆ ಏರುತ್ತದೆ, ಎಷ್ಟು ಹೇಳಿದರೂ ಗಂಡಸರು ಕೇಳುವುದಿಲ್ಲ. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿ ಬರೀ ತೋಳಿಗೆ, ಅಂಗಿಯ ಮೇಲಲ್ಲ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ನೋಡುವಾಗ ಮಾತು ಬೇಡ, ಬೈಗುಳವೂ ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡು. ಎರಡನ್ನೂ ಬರೆದಿಡು.

ಹಲ್ಲಿನ ಕುರ್ಚಿಯಲ್ಲಿ ಅರ್ಧ ಮಲಗಿಸಿ, ಮುಖದ ಮೇಲೆ ಲೈಟು ಬಿಟ್ಟು, ಪಕ್ಕದ ಕೋಣೆಯ ಡ್ರಿಲ್ಲಿನ ಕಿರ್ರ್ ಸದ್ದು ಕೇಳಿಸುತ್ತಾ ನೋಡಿದರೆ ಯಾರಿಗಾದರೂ ಏರುತ್ತದೆ. ಬಿಳಿಕೋಟು ಕಂಡರೆ ಏರುವ ಬಿಪಿ ಅಂತಲೇ ಒಂದಿದೆ. (ಬಿಳಿಕೋಟು ಡಾಕ್ಟ್ರೇ, ನಿಮ್ಮನ್ನಲ್ಲ!) ಆದರೆ ಕೆಳಗಿನದು 112 ಅಂದರೆ ಹೆದರಿಕೆ ಒಂದೇ ಅಲ್ಲ ಅನಿಸುತ್ತದೆ.

ಕಿರಿಮಗ
ಮಂಗಳವಾರ, ಬೆಳಗ್ಗೆ 7:30

ಡಬ್ಬಿ ನೋಡಿದೆ. ತಲೆ ಕೆಟ್ಟುಹೋಯಿತು.

ಸೋಮವಾರದ ಬಿಪಿ ಮಾತ್ರೆ ಹಾಗೇ ಇದೆ. "ಹಲ್ಲು ಕೀಳಿಸೋಕೆ ಖಾಲಿ ಹೊಟ್ಟೇಲಿ ಹೋಗಬೇಕಲ್ಲ, ಅದಕ್ಕೇ ನುಂಗಲಿಲ್ಲ" ಅಂದರು. ಭಾನುವಾರದ್ದೂ ಇದೆ. ಅದಕ್ಕೆ ಕಾರಣ ಹೇಳಲಿಲ್ಲ.

ಆಸ್ಪಿರಿನ್ ಐದು ದಿನದಿಂದ ಮುಟ್ಟಿಲ್ಲ. ಪಕ್ಕದ ಮನೆಯವರು "ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸದೆ ಹಲ್ಲಿಗೆ ಕೈ ಹಾಕಿಸಬೇಡಿ, ರಕ್ತ ನಿಲ್ಲಲ್ಲ" ಅಂದರಂತೆ. ಅವರ ಮಾತು ಕೇಳಿ ನಿಲ್ಲಿಸಿದ್ದಾರೆ.

ಇನ್ನೊಂದು, ಅಂಗಿ ಜೇಬಿನಲ್ಲಿ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಹತ್ತರಲ್ಲಿ ಒಂಬತ್ತು ಖಾಲಿ. ಇದ್ಯಾವುದನ್ನೂ ನಿನ್ನೆ ಡಾಕ್ಟರಿಗೆ ಹೇಳಿಲ್ಲ. ಅವರು ಕೇಳಿದ್ದರು. "ಮಾಮೂಲಿ ಮಾತ್ರೆ ಎಲ್ಲಾ ತಗೊಳ್ತೀನಿ" ಅಂದಿದ್ದರು ನಮ್ಮಪ್ಪ. ಪಕ್ಕದಲ್ಲೇ ನಿಂತಿದ್ದ ನಾನೂ ತಲೆ ಆಡಿಸಿದ್ದೆ.

ನರ್ಸಮ್ಮ ಹೇಳಿದ ಹಾಗೇ ಕೂರಿಸಿ ನೋಡಿದೆ. 172/104, 170/102.

ಎರಡು ಸ್ಟೆಂಟಿನವ
ಮಂಗಳವಾರ, ಬೆಳಗ್ಗೆ 7:52

ಬೇರೆಲ್ಲ ಆಮೇಲೆ. ಸ್ಟೆಂಟ್ ಹಾಕಿದ ಡಾಕ್ಟರಿಗೆ ಈಗಲೇ ಫೋನ್ ಮಾಡಿ, ಆಸ್ಪಿರಿನ್ ಐದು ದಿನದಿಂದ ನಿಂತಿದೆ ಅಂತ ಹೇಳಿ.

ಯಾಕೆ ಇಷ್ಟು ಅವಸರ ಅಂದರೆ, ನಾನು ಅನುಭವಿಸಿದ್ದೇನೆ. ಮೊದಲ ಸ್ಟೆಂಟ್ ಹಾಕಿಸಿ ಎಂಟು ತಿಂಗಳಾಗಿತ್ತು. ಆಸ್ಪಿರಿನ್ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಕೂಡ ಇತ್ತು. ಬುದ್ಧಿಹಲ್ಲು ಕೀಳಿಸಬೇಕಿತ್ತು. ಯಾರನ್ನೂ ಕೇಳದೆ ಎರಡನ್ನೂ ಒಂದು ವಾರ ಮೊದಲೇ ನಿಲ್ಲಿಸಿದೆ. ಮಹಾ ಜಾಣತನ ಅಂದುಕೊಂಡಿದ್ದೆ. ಆರನೇ ದಿನ ರಾತ್ರಿ ಎದೆ ಮೇಲೆ ಕಲ್ಲು ಹೇರಿದ ಹಾಗಾಯಿತು. ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿತ್ತು. ಎರಡನೇ ಸ್ಟೆಂಟ್ ಬಂದದ್ದು ಹಾಗೆ. ಹಲ್ಲು ಆಗ ಕೀಳಿಸಲೇ ಇಲ್ಲ. ಒಂದು ವರ್ಷ ಕಾದು, ಆಸ್ಪಿರಿನ್ ನಡೆಯುತ್ತಿರುವಾಗಲೇ ಕಿತ್ತರು. ಮುಕ್ಕಾಲು ಗಂಟೆ ಗಾಜ್ (ಗಾಯಕ್ಕೆ ಇಡುವ ಹತ್ತಿ ಬಟ್ಟೆ) ಕಚ್ಚಿಕೊಂಡು ಕೂತೆ, ಎರಡು ಹೊಲಿಗೆ, ರಕ್ತ ನಿಂತಿತು. ಅಷ್ಟಕ್ಕೆ ನಾನು ಮೊದಲು ಎಂಥ ಆಟ ಆಡಿದ್ದೆ ನೋಡಿ.

ಬಿಳಿಕೋಟು
ಮಂಗಳವಾರ, ಬೆಳಗ್ಗೆ 8:15

ಮೇಲಿನ ಮಾತಿಗೆ ನನ್ನದೂ ಒಂದು ಸಹಿ. ಆಸ್ಪಿರಿನ್ ಮತ್ತೆ ಹೇಗೆ, ಯಾವಾಗ ಶುರು ಮಾಡಬೇಕು ಅಂತ ಅವರ ಹೃದಯದ ಡಾಕ್ಟರ್ ಹೇಳಲಿ. ಇಲ್ಲಿ ಕೂತು ನಾನು ಹೇಳುವುದು ಸರಿಯಲ್ಲ.

ಲೆಕ್ಕ ಸರಳ. ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ಬಂದರೆ ಅದು ನನ್ನ ಕಣ್ಣ ಮುಂದೆ ಇದೆ. ಬೆರಳಿಟ್ಟು ಒತ್ತುತ್ತೇನೆ, ಹೊಲಿಗೆ ಹಾಕುತ್ತೇನೆ, ರಕ್ತ ಹೆಪ್ಪುಗಟ್ಟಿಸುವ ಸ್ಪಂಜು ಇಡುತ್ತೇನೆ, ಬೇಕಾದರೆ ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ಅದ್ದಿದ ಗಾಜ್ ಕಚ್ಚಿಸುತ್ತೇನೆ. ಸ್ಟೆಂಟ್ ಒಳಗೆ ಹೆಪ್ಪುಗಟ್ಟಿದರೆ ನಾನೇನು ಮಾಡಲಿ? ಅದಕ್ಕೇ ಒಂದೆರಡು ಹಲ್ಲು ಕೀಳಲು ಆಸ್ಪಿರಿನ್ ನಿಲ್ಲಿಸುವುದಿಲ್ಲ. ನಿಲ್ಲಿಸಿದರೂ ಅದರ ಪರಿಣಾಮ ಹೋಗಲು ಏಳರಿಂದ ಹತ್ತು ದಿನ ಬೇಕು, ರಕ್ತ ಹೆಪ್ಪುಗಟ್ಟಿಸುವ ಹೊಸ ಪ್ಲೇಟ್‌ಲೆಟ್ ಹುಟ್ಟಿ ಬರಬೇಕಲ್ಲ. ಔಷಧ ಲೇಪಿಸಿದ ಸ್ಟೆಂಟ್ ಹಾಕಿಸಿ ವರ್ಷ ಆಗಿಲ್ಲದಿದ್ದರೆ, ಎರಡು ಮಾತ್ರೆಯೂ ನಡೆಯುತ್ತಿದ್ದರೆ, ಕಾಯಬಹುದಾದ ಕೆಲಸವನ್ನು ಮುಂದಕ್ಕೆ ಹಾಕಿ ಅಂತ 2007ರಲ್ಲೇ ಅಮೆರಿಕದ ಹೃದಯ ಮತ್ತು ದಂತ ವೈದ್ಯರ ಸಂಘಗಳು ಒಟ್ಟಿಗೆ ಹೇಳಿದ್ದವು. ಮಾತ್ರೆ ನಿಲ್ಲಿಸಿ ಅಂತಲ್ಲ, ಕೆಲಸ ಮುಂದೂಡಿ ಅಂತ.

ಈಗ ಡೈಕ್ಲೋಫೆನಾಕ್. ಆ ಜಾತಿಯ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಬಿಪಿ ಏರುತ್ತದೆ, ಬಿಪಿ ಮಾತ್ರೆಗಳ ಕೆಲಸವೂ ಕುಂದುತ್ತದೆ. ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೆ ಡೈಕ್ಲೋಫೆನಾಕ್ ಬೇಡವೇ ಬೇಡ ಅಂತ ಯುರೋಪಿನ ಔಷಧ ನಿಯಂತ್ರಕರು 2013ರಲ್ಲಿ ಹೇಳಿದ್ದಾರೆ. ಐಬುಪ್ರೊಫೆನ್ ಕೂಡ ಇವರಿಗೆ ಒಳ್ಳೆಯದಲ್ಲ, ಅದು ಆಸ್ಪಿರಿನ್ ಮಾಡುವ ಕೆಲಸಕ್ಕೇ ಅಡ್ಡ ಬರುತ್ತದೆ. ನಿಮ್ಮ ಡಾಕ್ಟರ್ ಪ್ಯಾರಾಸಿಟಮಾಲ್ ಬರೆದದ್ದು ಸುಮ್ನೆ ಅಲ್ಲ. ಅದರಲ್ಲೂ ನೀರಿಗೆ ಹಾಕಿದರೆ ಬುಸ್ ಅಂತ ನೊರೆ ಬರುವ ಮಾತ್ರೆ ಬೇಡ, ಸೋಡಿಯಂ ಜಾಸ್ತಿ ಇರುತ್ತದೆ.

ಖಾಲಿ ಹೊಟ್ಟೆ ವಿಷಯ: ಪ್ರಜ್ಞೆ ತಪ್ಪಿಸಿ ಅಥವಾ ಮಂಪರು ಬರಿಸಿ ಮಾಡುವುದಾದರೆ ಮಾತ್ರ ಉಪವಾಸ. ಬರೀ ಬಾಯಿ ಮರಗಟ್ಟಿಸಿ ಕೀಳುವುದಕ್ಕೆ ಊಟ ಮಾಡಿ, ಬೆಳಗಿನ ಮಾತ್ರೆ ನುಂಗಿಯೇ ಬರಬೇಕು.

ಅಂದರೆ 186 ಹೇಗೆ ಬಂತು ನೋಡಿ. ಎರಡು ದಿನ ಮಾತ್ರೆ ಇಲ್ಲ, ಒಂಬತ್ತು ಡೈಕ್ಲೋಫೆನಾಕ್, ಮೂರು ರಾತ್ರಿ ನಿದ್ದೆ ಇಲ್ಲ, ನೋವು, ಹೆದರಿಕೆ. ಆ ಡಾಕ್ಟರ್ ಕಣ್ಣಿಗೆ ಬಿದ್ದದ್ದು ಮಾತ್ರ ಬರೀ ಸಂಖ್ಯೆ.

ಅನುಮಾನಿ
ಮಂಗಳವಾರ, ಬೆಳಗ್ಗೆ 11:10

ಸರಿ, ಆಸ್ಪಿರಿನ್ ಮಾತು ಒಪ್ಪಿದೆ. ಆದರೆ ಒಂದು ಕೇಳುತ್ತೇನೆ. ಬಿಪಿ ಏರಬಾರದು ಅಂತ ಇಷ್ಟೆಲ್ಲ ಹೇಳುತ್ತೀರಿ. ನೀವೇ ಚುಚ್ಚುವ ಇಂಜೆಕ್ಷನ್ನಿನಲ್ಲಿ ಅಡ್ರಿನಾಲಿನ್ ಇರುತ್ತದಂತಲ್ಲ! ಬಿಪಿ ಏರಿಸುವುದೇ ಅದು. ಹಾರ್ಟ್ ಪೇಷಂಟಿಗೆ ಅದನ್ನೇ ಕೊಡುವುದು ಯಾವ ನ್ಯಾಯ? ಅಡ್ರಿನಾಲಿನ್ ಇಲ್ಲದ್ದನ್ನೇ ಕೊಡಿ ಅಂತ ಕೇಳಬೇಕಲ್ಲವಾ?

ಬಿಳಿಕೋಟು
ಮಂಗಳವಾರ, ಮಧ್ಯಾಹ್ನ 2:05

ಒಳ್ಳೆಯ ಪ್ರಶ್ನೆ. ನಿಜ ಹೇಳಬೇಕೆಂದರೆ ಕೆಲವು ಡಾಕ್ಟರುಗಳೂ ಇದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಹೆದರುತ್ತಾರೆ.

ಅಡ್ರಿನಾಲಿನ್ ಹಾಕುವುದು ಯಾಕೆ? ಮರಗಟ್ಟಿಸುವ ಔಷಧ ರಕ್ತನಾಳ ಹಿಗ್ಗಿಸುತ್ತದೆ. ಅದನ್ನು ಒಂದೇ ಚುಚ್ಚಿದರೆ ರಕ್ತ ಬೇಗ ಅದನ್ನು ಹೊತ್ತುಕೊಂಡು ಹೋಗುತ್ತದೆ, ಮರಗಟ್ಟಿದ್ದು ಬೇಗ ಇಳಿಯುತ್ತದೆ. ಅಡ್ರಿನಾಲಿನ್ ಅಲ್ಲಿನ ರಕ್ತನಾಳ ಬಿಗಿದು ಔಷಧವನ್ನು ಜಾಗದಲ್ಲೇ ನಿಲ್ಲಿಸುತ್ತದೆ. ರಕ್ತವೂ ಕಡಿಮೆ ಹರಿಯುತ್ತದೆ.

ಎಷ್ಟು ಇರುತ್ತದೆ? ಸಾಮಾನ್ಯ ಬಳಕೆಯದು ಲಕ್ಷಕ್ಕೆ ಒಂದು ಭಾಗ. 1.8 ಮಿಲೀ ಕಾರ್ಟ್ರಿಜ್ (ಇಂಜೆಕ್ಷನ್ ಔಷಧ ತುಂಬಿದ ಸಣ್ಣ ಕೊಳವೆ) ಒಂದರಲ್ಲಿ 18 ಮೈಕ್ರೊಗ್ರಾಂ. ಎಂಬತ್ತು ಸಾವಿರಕ್ಕೆ ಒಂದು ಭಾಗ ಇರುವುದಾದರೆ 22.5. ಹೃದಯದ ಕಾಯಿಲೆ ಇರುವವರಿಗೆ ಒಂದು ಸಲಕ್ಕೆ 40 ಮೈಕ್ರೊಗ್ರಾಂ ದಾಟಬೇಡಿ ಅಂತ ನಮಗೆ ಕಲಿಸುತ್ತಾರೆ. ಅಂದರೆ ಲಕ್ಷಕ್ಕೆ ಒಂದರದ್ದು ಸುಮಾರು ಎರಡು ಕಾರ್ಟ್ರಿಜ್. ಒಂದು ಹಲ್ಲಿಗೆ ಬಹಳ ಸಲ ಅಷ್ಟು ಸಾಕು. ಸೂಜಿ ರಕ್ತನಾಳದೊಳಗೆ ಹೋಗಿಲ್ಲ ಅಂತ ಮೊದಲು ಸ್ವಲ್ಪ ಹಿಂದಕ್ಕೆ ಎಳೆದು ನೋಡಿ, ನಿಧಾನವಾಗಿ ಬಿಡಬೇಕು. ನಿಧಾನ ಅನ್ನುವುದು ಇಲ್ಲಿ ಔಷಧದಷ್ಟೇ ಮುಖ್ಯ.

ಅಡ್ರಿನಾಲಿನ್ ಇಲ್ಲದ್ದು ಕೊಟ್ಟು, ಅರ್ಧ ಕೆಲಸಕ್ಕೆ ಮರಗಟ್ಟಿದ್ದು ಇಳಿದು, ಪೇಷಂಟ್ ನೋವಿಗೆ ಕುರ್ಚಿಯ ಕೈ ಹಿಡಿದು ಹಾರಿದರೆ ಅವರ ದೇಹವೇ ಸುರಿಯುವ ಅಡ್ರಿನಾಲಿನ್ ಮುಂದೆ ನನ್ನ 18 ಮೈಕ್ರೊಗ್ರಾಂ ಯಾವ ಲೆಕ್ಕ? ಅದಕ್ಕೇ ಸ್ಥಿರವಾಗಿರುವ ಹೃದಯದ ಪೇಷಂಟಿಗೆ ಸ್ವಲ್ಪ ಅಡ್ರಿನಾಲಿನ್, ಚೆನ್ನಾಗಿ ಮರಗಟ್ಟುವಿಕೆ. ನನ್ನ ಆಯ್ಕೆ ಅದೇ.

ಆದರೆ ಕೆಲವರಿಗೆ ಎಚ್ಚರ ಬೇಕು. ಪ್ರೊಪ್ರನೊಲಾಲ್ ತಗೊಳ್ಳುವವರು ಕಡ್ಡಾಯವಾಗಿ ಹೇಳಬೇಕು. ಅದನ್ನು ಬಿಪಿಗೆ ಮಾತ್ರ ಕೊಡುವುದಿಲ್ಲ, ಮೈಗ್ರೇನಿಗೆ, ಕೈ ನಡುಕಕ್ಕೂ ಕೊಡುತ್ತಾರೆ. ಹಾಗಾಗಿ "ನನಗೆ ಬಿಪಿ ಇಲ್ಲ" ಅಂದು ಸುಮ್ಮನಾಗುತ್ತಾರೆ. ಅದರ ಜೊತೆ ಅಡ್ರಿನಾಲಿನ್ ಸೇರಿದರೆ ಬಿಪಿ ಒಮ್ಮೆಗೇ ಏರಿ ನಾಡಿ ಕುಸಿಯಬಹುದು. ಅದೇ ಗುಂಪಿನ ಮೆಟೊಪ್ರೊಲಾಲ್, ಅಟೆನೊಲಾಲ್‌ನಲ್ಲಿ ಈ ತೊಂದರೆ ಬಹಳ ಕಡಿಮೆ. ಎದೆನೋವು ದಿನೇ ದಿನೇ ಜಾಸ್ತಿಯಾಗುತ್ತಿರುವವರಿಗೆ, ಇತ್ತೀಚೆಗೆ ಅಟ್ಯಾಕ್ ಆದವರಿಗೆ, ಹಿಡಿತಕ್ಕೆ ಬಾರದ ಹೃದಯದ ತಾಳ ಇರುವವರಿಗೆ ಕಾಯಬಹುದಾದ ಕೆಲಸ ಮಾಡುವುದೇ ಇಲ್ಲ.

ಊದಿದ ವಸಡು
ಮಂಗಳವಾರ, ಸಂಜೆ 6:20

ನನ್ನದು ಉಲ್ಟಾ ಕತೆ. ಬಿಪಿಯಿಂದ ಹಲ್ಲಿಗೆ ಅಲ್ಲ, ಬಿಪಿ ಮಾತ್ರೆಯಿಂದ ವಸಡಿಗೆ. ಆಮ್ಲೊಡಿಪಿನ್ ಶುರು ಮಾಡಿ ಕೆಲವು ತಿಂಗಳಿಗೆ ಮುಂದಿನ ಹಲ್ಲುಗಳ ನಡುವೆ ವಸಡು ಮಣಿಮಣಿಯಾಗಿ ಬೆಳೆಯಿತು. ನೋವಿಲ್ಲ, ಆದರೆ ಬ್ರಷ್ ತಾಗಿದರೆ ರಕ್ತ. ನಕ್ಕರೆ ಹಲ್ಲಿಗಿಂತ ವಸಡೇ ಜಾಸ್ತಿ ಕಾಣುತ್ತಿತ್ತು. ಕ್ಯಾನ್ಸರ್ ಅಂದುಕೊಂಡು ಎರಡು ತಿಂಗಳು ಯಾರಿಗೂ ಹೇಳದೆ ಒದ್ದಾಡಿದೆ. ಕೊನೆಗೆ ಹಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಬಿಪಿಗೆ ಯಾವ ಮಾತ್ರೆ?" ಮಾತ್ರೆ ಬದಲಾಯಿತು, ಎರಡು ಸಲ ಕ್ಲೀನಿಂಗ್ ಆಯಿತು, ನಿಧಾನವಾಗಿ ಇಳಿಯಿತು.

ಬಿಳಿಕೋಟು
ಮಂಗಳವಾರ, ಸಂಜೆ 6:48

ಹೌದು. ನಿಫೆಡಿಪಿನ್, ಆಮ್ಲೊಡಿಪಿನ್ ಗುಂಪಿನಲ್ಲಿ ಕೆಲವರಿಗೆ ಇದು ಬರುತ್ತದೆ. ಕಿಟ್ಟ ಕಟ್ಟಿದ ಬಾಯಲ್ಲಿ ಜಾಸ್ತಿ. ಇದನ್ನು ಓದಿ ಯಾರೂ ಆಮ್ಲೊಡಿಪಿನ್ ನಿಲ್ಲಿಸಬೇಡಿ ಮಾರಾಯ್ರೇ! ಬದಲಿಸುವುದು ಮಾತ್ರೆ ಬರೆದವರ ಕೆಲಸ.

ನೀರು ಇಳಿಸುವ ಮಾತ್ರೆ ತಗೊಳ್ಳುವವರಿಗೆ ಬಾಯಿ ಒಣಗಬಹುದು. ಎಂಜಲು ಕಡಿಮೆಯಾದರೆ ಹಲ್ಲಿನ ಬುಡದಲ್ಲಿ ಹುಳುಕು ಬೇಗ ಹತ್ತುತ್ತದೆ. ಇನ್ನೊಂದು ಸಣ್ಣ ವಿಷಯ, ಆದರೆ ದಿನಾ ನೋಡುತ್ತೇನೆ. ಬಿಪಿ ಮಾತ್ರೆ ಮೇಲಿರುವವರು ಅರ್ಧ ಗಂಟೆ ಮಲಗಿ ಕುರ್ಚಿಯಿಂದ ಧಿಗ್ಗನೆ ಎದ್ದರೆ ತಲೆ ಸುತ್ತಿ ಬೀಳುತ್ತಾರೆ. ಎರಡು ನಿಮಿಷ ಕಾಲು ಕೆಳಗೆ ಬಿಟ್ಟು ಕೂತು, ಆಮೇಲೆ ಏಳಿ.

ಟಿಕ್ ಟಿಕ್
ಮಂಗಳವಾರ, ರಾತ್ರಿ 9:15

ಹೆಸರು ನೋಡಿ ನಗಬೇಡಿ. ನನ್ನ ಹೃದಯದಲ್ಲಿ ಲೋಹದ ಕವಾಟ ಇದೆ. ರಾತ್ರಿ ಎಲ್ಲಾ ಮಲಗಿದ ಮೇಲೆ ಗಡಿಯಾರದ ಹಾಗೆ ಕೇಳಿಸುತ್ತದೆ.

ನನ್ನಂಥವರಿಗೆ ಬಿಪಿಗಿಂತ ಬೇರೆ ಭಯ. ವಸಡಿಗೆ ಗಾಯವಾದಾಗ ಬಾಯಿಯ ಕ್ರಿಮಿ ರಕ್ತಕ್ಕೆ ಸೇರಿ ಕವಾಟದ ಮೇಲೆ ಕೂತುಬಿಟ್ಟರೆ ಎಂಡೊಕಾರ್ಡೈಟಿಸ್, ಅಂದರೆ ಹೃದಯದ ಒಳಪದರದ ಸೋಂಕು. ಅದಕ್ಕೇ ಹಲ್ಲು ಕೀಳುವ, ವಸಡಿಗೆ ಕೈ ಹಾಕುವ ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನನಗೆ ಅಮಾಕ್ಸಿಸಿಲಿನ್ 2 ಗ್ರಾಂ, ಒಂದೇ ಸಲ. ಐದು ದಿನದ ಕೋರ್ಸ್ ಅಲ್ಲ.

ಇನ್ನು ರಕ್ತ ತೆಳು ಮಾಡುವ ವಾರ್ಫರಿನ್. ಹಿಂದಿನ ದಿನ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಐಎನ್‌ಆರ್ ನೋಡಿಸಿಕೊಂಡು ಹೋಗುತ್ತೇನೆ, ಮಾತ್ರೆ ನಿಲ್ಲಿಸುವುದಿಲ್ಲ. ಒಮ್ಮೆ ಮಾತ್ರ ಸಿಕ್ಕಿಹಾಕಿಕೊಂಡೆ. ಬಾಯಿಯಲ್ಲಿ ಬಿಳಿ ಪೊರೆ ಬಂದಿತ್ತು. ಮೈಕೊನಜೋಲ್ ಜೆಲ್ ತಂದು ಹಚ್ಚಿಕೊಂಡೆ. ಹಚ್ಚುವ ಔಷಧ ತಾನೇ, ಅದೇನು ಮಾಡೀತು ಅಂತ. ವಾರದೊಳಗೆ ಮೈಮೇಲೆಲ್ಲ ನೀಲಿ ಕಲೆ. ಐಎನ್‌ಆರ್ ಎರಡು ಮೂರು ಇರಬೇಕಾದದ್ದು ಎಂಟು ದಾಟಿತ್ತು. ಹಲ್ಲಿನ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಕೂಡ ಹೀಗೇ ಏರಿಸುತ್ತದಂತೆ. ಈಗ ಮಾತ್ರೆಗಳ ಪಟ್ಟಿ ಫೋನಿನಲ್ಲೇ ಇದೆ, ಫೋಟೋ ತೋರಿಸಿಯೇ ಬಾಯಿ ತೆರೆಯುವುದು.

ಎರಡು ಸ್ಟೆಂಟಿನವ
ಮಂಗಳವಾರ, ರಾತ್ರಿ 9:31

ಹಾಗಾದರೆ ಸ್ಟೆಂಟ್ ಇರುವ ನಮಗೂ ಆ ಆ್ಯಂಟಿಬಯೋಟಿಕ್ ಬೇಕಾ? ನನಗೆ ಯಾರೂ ಕೊಟ್ಟಿಲ್ಲ.

ಬಿಳಿಕೋಟು
ಮಂಗಳವಾರ, ರಾತ್ರಿ 10:10

ಬೇಡ. ಸ್ಟೆಂಟ್, ಬೈಪಾಸ್, ಪೇಸ್‌ಮೇಕರ್, ಬರೀ ಬಿಪಿ, ಇದಕ್ಕೆಲ್ಲ ಬೇಡ. ಹಿಂದೆ ಧಾರಾಳವಾಗಿ ಕೊಡುತ್ತಿದ್ದರು. 2007ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಆ ಪಟ್ಟಿಯನ್ನು ಬಹಳ ಚಿಕ್ಕದು ಮಾಡಿತು, 2021ರಲ್ಲಿ ಅದನ್ನೇ ಉಳಿಸಿಕೊಂಡಿತು. ಕೃತಕ ಕವಾಟ ಇರುವವರು, ಒಮ್ಮೆ ಎಂಡೊಕಾರ್ಡೈಟಿಸ್ ಆದವರು, ಕೆಲವು ಬಗೆಯ ಹುಟ್ಟು ಹೃದಯದೋಷ ಇರುವವರು, ಹೃದಯ ಕಸಿ ಆಗಿ ಕವಾಟ ಕೆಟ್ಟವರು. ಎಲ್ಲ ದೇಶದ ನಿಯಮವೂ ಒಂದೇ ಅಲ್ಲ, ಹಾಗಾಗಿ ರುಮ್ಯಾಟಿಕ್ ಜ್ವರದಿಂದ ಕವಾಟ ಹಾಳಾದವರು ತಮ್ಮ ಹೃದಯದ ಡಾಕ್ಟರನ್ನು ಕೇಳಿಯೇ ಬನ್ನಿ. ಬ್ರಷ್ ಮಾಡುವಾಗಲೂ ಕ್ರಿಮಿ ರಕ್ತಕ್ಕೆ ಹೋಗುತ್ತದೆ. ದಿನಾ ರಕ್ತ ಬರುವ ವಸಡು ಇಟ್ಟುಕೊಂಡು ವರ್ಷಕ್ಕೊಂದು ದಿನ ಅಮಾಕ್ಸಿಸಿಲಿನ್ ನುಂಗಿದರೆ ಏನು ಬಂತು?

ನರ್ಸಮ್ಮ
ಬುಧವಾರ, ಬೆಳಗ್ಗೆ 10:30

ಒಂದು ವಿಷಯ ಯಾರೂ ಎತ್ತಲಿಲ್ಲ. ನನ್ನ ತಮ್ಮನದು.

ಅವನಿಗೆ ಎಡಗಡೆ ಕೆಳದವಡೆ ನೋವು. ಹಲ್ಲಿನದೇ ಅಂತ ಅವನೂ ಅಂದುಕೊಂಡ, ಮನೆಯವರೂ ಅಂದುಕೊಂಡರು. ಹಲ್ಲಿನ ಡಾಕ್ಟರ್ ಎಕ್ಸ್‌ರೇ ತೆಗೆದರು, ಒಂದೊಂದು ಹಲ್ಲನ್ನೂ ತಟ್ಟಿ ನೋಡಿದರು. ಯಾವುದೂ ಕೆಟ್ಟಿಲ್ಲ. ಆ ಡಾಕ್ಟರ್ ಹುಡುಗಿ ಜಾಣೆ. "ನೋವು ಯಾವಾಗ ಬರುತ್ತದೆ?" ಅಂತ ಕೇಳಿದಳು. "ಮೆಟ್ಟಿಲು ಹತ್ತಿದರೆ" ಅಂದ. "ಯಾವಾಗ ಹೋಗುತ್ತದೆ?" "ನಿಂತು ಸುಧಾರಿಸಿಕೊಂಡರೆ." ಹಲ್ಲು ಮೆಟ್ಟಿಲು ಹತ್ತಿದರೆ ನೋಯುವುದಿಲ್ಲ ಮಗಾ. ತಣ್ಣಗಿನದು ಬಿಸಿಯದು ತಾಗಿದರೆ, ಕಚ್ಚಿದರೆ ನೋಯುತ್ತದೆ. ಅಲ್ಲಿಂದಲೇ ನೇರ ಇಸಿಜಿಗೆ ಕಳಿಸಿದಳು. ಮೂರು ರಕ್ತನಾಳ ಕಟ್ಟಿಕೊಂಡಿದ್ದವು, ಬೈಪಾಸ್ ಆಯಿತು.

ಎಲ್ಲರಿಗೂ ಎದೆಯೇ ನೋಯಬೇಕು ಅಂತಿಲ್ಲ. ದವಡೆ, ಕತ್ತು, ಬೆನ್ನು, ಬರೀ ಬೆವರು, ಸುಸ್ತು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೀಗೆ ಮೋಸ ಮಾಡುವುದು ಜಾಸ್ತಿ.

ಕಿರಿಮಗ
ಬುಧವಾರ, ಬೆಳಗ್ಗೆ 10:52

ನರ್ಸಮ್ಮ, ಓದಿದ ತಕ್ಷಣ ಅಪ್ಪನನ್ನು ಕೇಳಿದೆ. "ನಿನ್ನ ಮೆಟ್ಟಿಲಿಗೆ ಬೆಂಕಿ ಹಾಕ, ತಣ್ಣೀರು ಕುಡಿದ್ರೆ ಪ್ರಾಣ ಹೋಗುತ್ತೆ" ಅಂದರು. ಹಲ್ಲೇ ಇರಬೇಕು.

ಕಿರಿಮಗ
ಮುಂದಿನ ಗುರುವಾರ, ಸಂಜೆ 7:15

ಹಲ್ಲು ಹೋಯಿತು.

ಮಂಗಳವಾರವೇ ಹೃದಯದ ಡಾಕ್ಟರಿಗೆ ಫೋನ್ ಮಾಡಿದ್ದೆ. ಅವತ್ತೇ ಬರಲು ಹೇಳಿ ಇಸಿಜಿ ನೋಡಿ, ಆಸ್ಪಿರಿನ್ ಮತ್ತೆ ಶುರು ಮಾಡಿಸಿದರು. ಹಲ್ಲಿಗಾಗಿ ನಿಲ್ಲಿಸಬೇಡಿ ಅಂತ ಚೀಟಿಯಲ್ಲೇ ಬರೆದುಕೊಟ್ಟರು. ಬಿಪಿ ಮಾತ್ರೆ ಹಳೆಯದೇ. ಬದಲಿಸುವ ಮೊದಲು ಇರುವುದನ್ನು ಸರಿಯಾಗಿ ನುಂಗಿ ನೋಡಿ ಅಂದರು. ಅಪ್ಪ ನನ್ನ ಮುಖ ನೋಡಲಿಲ್ಲ. ಡೈಕ್ಲೋಫೆನಾಕ್ ನಿಂತಿತು. ಬಿಪಿ ನಾಲ್ಕನೇ ದಿನಕ್ಕೆ 158/94, ಆಮೇಲೆ 146/88.

ಇವತ್ತು ಅದೇ ಹಲ್ಲಿನ ಡಾಕ್ಟರ್ ಹತ್ತಿರ ಹೋದೆವು. ಈ ಸಲ ಎಲ್ಲಾ ಮಾತ್ರೆ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ. ಪೂರ್ತಿ ಮಲಗಿಸಲಿಲ್ಲ, ಅರ್ಧ ಒರಗಿಸಿ ಕೂರಿಸಿದರು. ನಾಲಿಗೆ ಅಡಿ ಇಡುವ ಎದೆನೋವಿನ ಮಾತ್ರೆ ತಂದಿದ್ದೀರಾ ಅಂತ ಕೇಳಿ ಟ್ರೇ ಪಕ್ಕದಲ್ಲೇ ಇಡಿಸಿದರು. ಇಂಜೆಕ್ಷನ್ ಕೊಟ್ಟದ್ದು ಎಷ್ಟು ನಿಧಾನ ಅಂದರೆ ಅಪ್ಪ ಮಧ್ಯದಲ್ಲಿ "ಮುಗೀತಾ?" ಅಂತ ಕೇಳಲು ನೋಡಿದರು. ಕೀಳಲು ಐದು ನಿಮಿಷ. ಅರ್ಧ ಗಂಟೆ ಗಾಜ್ ಕಚ್ಚಿಸಿ, ರಕ್ತ ನಿಂತದ್ದು ನೋಡಿದ ಮೇಲೇ ಕಳಿಸಿದರು.

ಅಪ್ಪ ಅವರ ಬಗ್ಗೆ ಒಳ್ಳೆಯ ಮಾತು ಆಡಿಲ್ಲ, ಆದರೆ ಮೇಲಿನ ಇನ್ನೊಂದು ಹಲ್ಲನ್ನೂ ಅವರಿಗೇ ತೋರಿಸಿದರು.

ಅನುಮಾನಿ
ಗುರುವಾರ, ರಾತ್ರಿ 9:20

ಒಳ್ಳೆಯದಾಯಿತು. ಇಷ್ಟೆಲ್ಲ ಓದಿದ ಮೇಲೆ ಸುಮ್ನೆ ಕುತೂಹಲಕ್ಕೆ ಅಂತ ತಂಗಿ ಮನೆಯ ಯಂತ್ರದಲ್ಲಿ ನನ್ನದೂ ನೋಡಿಕೊಂಡೆ. 164/98. ಯಂತ್ರ ಕೆಟ್ಟಿರಬೇಕು ಅಲ್ವಾ?

ನರ್ಸಮ್ಮ
ಗುರುವಾರ, ರಾತ್ರಿ 9:26

ಕಾಲ ಮೇಲೆ ಕಾಲು ಹಾಕಿಕೊಂಡಿದ್ದೆಯಾ?

ಅನುಮಾನಿ
ಗುರುವಾರ, ರಾತ್ರಿ 9:41

ಹಾಕಿದ್ದೆ. ಕಾಲು ಇಳಿಸಿ, ಐದು ನಿಮಿಷ ಕೂತು, ಮಾತಾಡದೆ ಮತ್ತೆ ನೋಡಿದೆ. 158/96.

ನರ್ಸಮ್ಮ
ಗುರುವಾರ, ರಾತ್ರಿ 9:44

ಯಂತ್ರ ಚೆನ್ನಾಗಿದೆ. ನಾಳೆ ಬೆಳಗ್ಗೆ ಎದ್ದು ಎರಡು ಸಲ, ರಾತ್ರಿ ಎರಡು ಸಲ ನೋಡಿ ಬರೆದಿಡು. ಒಂದು ವಾರದ್ದು ಆದ ಮೇಲೆ ಆ ಚೀಟಿ ತಗೊಂಡು ಡಾಕ್ಟರ್ ಹತ್ತಿರ ಹೋಗು. ಅಲ್ಲಿಯವರೆಗೆ ಬೀಡಿ ಕಡಿಮೆ ಮಾಡು. ನೀನು ಹೇಳಿಲ್ಲ, ಆದರೂ ಸೇದುತ್ತೀಯ ಅಂತ ನನಗೆ ಗೊತ್ತು.